ಡಬ್ಬ ಖಾಲಿ, ಜೈಕಾರ ಜೋರು

ಸುಟ್ಟಿದ್ದು 548 ಡಬ್ಬ. ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲೆಂಡಿನ ರಾಕ್ ತಂಡ 1971ರ ಅಕ್ಟೋಬರಿನಲ್ಲಿ ಇಟಲಿಯ ಪಾಂಪೆಯ ಪುರಾತನ ಬಯಲು ರಂಗಮಂದಿರದಲ್ಲಿ, ಟಿಕೆಟ್ ಕೊಂಡ ಒಬ್ಬ ಪ್ರೇಕ್ಷಕನೂ ಇಲ್ಲದೆ, ಬರೀ ಕಲ್ಲುಗಳೆದುರು ನುಡಿಸಿತು. ಏಡ್ರಿಯನ್ ಮೇಬನ್ ಅದನ್ನು 35 ಎಂಎಂ ಫಿಲ್ಮಿನಲ್ಲಿ ಚಿತ್ರೀಕರಿಸಿದರು. ಸಿನಿಮಾಕ್ಕೆ ಬಳಸದೆ ಉಳಿದ ನೆಗೆಟಿವ್, ಪ್ರಿಂಟುಗಳೆಲ್ಲ ಪ್ಯಾರಿಸ್ಸಿನ ಹೊರವಲಯದ ಫಿಲ್ಮ್ ಭಂಡಾರದಲ್ಲಿದ್ದವು. ಅವನ್ನು ಕಾಯಬೇಕಾಗಿದ್ದ ನಿರ್ಮಾಣ ಸಂಸ್ಥೆಯ ನೌಕರನೇ ಒಂದು ದಿನ ಅಷ್ಟನ್ನೂ ಸುಡಿಸಿಬಿಟ್ಟ ಎಂದು ಮೇಬನ್ ಸಂಕಟದಿಂದ ಹೇಳಿಕೊಂಡಿದ್ದರು. ಯುದ್ಧವಿರಲಿಲ್ಲ, ಪ್ರವಾಹ ಬರಲಿಲ್ಲ. ವೆಸೂವಿಯಸ್ ಜ್ವಾಲಾಮುಖಿ ಕೂಡ ಪಾಂಪೆಯನ್ನು ಬೂದಿಯಲ್ಲಿ ಮುಚ್ಚಿ ನಮ್ಮ ಕಾಲಕ್ಕೆ ಉಳಿಸಿಕೊಟ್ಟಿತ್ತು. ಕಚೇರಿಯ ಮೇಜಿನ ಹಿಂದೆ ಕೂತವನಿಗೆ ಅಷ್ಟು ದಯೆಯೂ ಇರಲಿಲ್ಲ.

2025ರ ಏಪ್ರಿಲ್‌ನಲ್ಲಿ ಅದೇ ಸಿನಿಮಾ 4ಕೆ ಜೀರ್ಣೋದ್ಧಾರವಾಗಿ ಐಮ್ಯಾಕ್ಸ್ ಪರದೆಗಳಿಗೆ ಬಂತು. ಬಂದದ್ದಾದರೂ ಹೇಗೆ? ತಂಡದ ಸ್ವಂತ ಸಂಗ್ರಹದಲ್ಲಿ, ಮೇಲೆ ಹೆಸರನ್ನೂ ನೆಟ್ಟಗೆ ಬರೆಯದ ಐದು ಡಬ್ಬಗಳಲ್ಲಿ ಮೂಲ ಫಿಲ್ಮು ಉಳಿದಿತ್ತು. ಲಾನಾ ಟೋಫಮ್ ಫ್ರೇಮಿಗೆ ಫ್ರೇಮು ಕೂತು ಸರಿಪಡಿಸಿದರು. ಸ್ಟೀವನ್ ವಿಲ್ಸನ್ ಧ್ವನಿಯನ್ನು ಹೊಸದಾಗಿ ಮಿಕ್ಸ್ ಮಾಡಿದರು. ಚೆನ್ನೈನ ನುಂಗಂಬಾಕ್ಕದಲ್ಲಿ ನನ್ನ ಪರಿಚಯದ, ಲೊಯೊಲಾ ಕಾಲೇಜಿನ ದಿನಗಳಿಂದ ಈ ಹುಚ್ಚು ಹಿಡಿಸಿಕೊಂಡ, ಈಗ ತಲೆ ನರೆತ ಕೆಲವರಿಗೆ ತಿಂಗಳುಗಟ್ಟಲೆ ಇದೇ ಚರ್ಚೆ. ಡ್ರಮ್ಮಿನ ಮೇಲೆ ಬಿದ್ದ ಬಿಸಿಲು ಈಗಷ್ಟೇ ಕಂಡಿತು ಎಂದ ಒಬ್ಬ. ಫಿಲ್ಮಿನ ಮರಳು ಮರಳಾದ ಕಣವನ್ನು ಪೂರ್ತಿ ತಿಕ್ಕಿ ಅಳಿಸಲಿಲ್ಲವಲ್ಲ, ಅದೇ ಪುಣ್ಯ ಎಂದ ಇನ್ನೊಬ್ಬ. ಮೂರನೆಯವನಿಗೆ ಹೊಸ ಮಿಕ್ಸು ಒಗ್ಗಲಿಲ್ಲ. ಹಳೇ ಕ್ಯಾಸೆಟ್ಟಿನ ಗೊರಗೊರವೇ ಬೇಕು ಅವನಿಗೆ. ಇವರ ಜಗಳ ಕೇಳುತ್ತಾ ನನಗೆ ಹೊಟ್ಟೆಕಿಚ್ಚಾಯಿತು. ಸುಡದೆ ಉಳಿದ ಐದು ಡಬ್ಬದ ಬಣ್ಣದ ಬಗ್ಗೆ ಜಗಳವಾಡುವ ಭಾಗ್ಯ ಅವರದ್ದು. ನಮ್ಮಲ್ಲಿ ಜಗಳವಾಡಲು ಡಬ್ಬವೇ ಇಲ್ಲ.

ಈ ಮಾತನ್ನು ನುಂಗಂಬಾಕ್ಕದಲ್ಲಿ ನಿಂತೇ ಆಡಬೇಕು. ಜೆಮಿನಿ ಫ್ಲೈಓವರ್ ಅನ್ನುತ್ತಾರಲ್ಲ, ಆ ಹೆಸರು ಬಂದದ್ದು ಎಸ್.ಎಸ್. ವಾಸನ್ 1940ರಲ್ಲಿ ಕಟ್ಟಿದ ಜೆಮಿನಿ ಸ್ಟುಡಿಯೋದಿಂದ. ದೈತ್ಯ ನಗಾರಿಗಳ ಮೇಲೆ ಕುಣಿಸಿದ 'ಚಂದ್ರಲೇಖಾ' 1948ರಲ್ಲಿ ಹೊರಬಂದದ್ದು ಆ ಸಂಸ್ಥೆಯಿಂದ. ಸ್ಟುಡಿಯೋ ಹೋಯಿತು. ಆ ನೆಲದ ಮೇಲೆ ಈಗ ಸ್ಟಾರ್ ಹೋಟೆಲ್. ಅದರ ಒಳಾಂಗಣದ ಶೃಂಗಾರವೆಲ್ಲ ಹಳೆಯ ಸಿನಿಮಾದ ನೆನಪಿನದ್ದೇ, ಗೋಡೆಗೆ ಜೆಮಿನಿಯ ಪೋಸ್ಟರುಗಳು. ತಲೆ ಕಡಿದು ಫೋಟೋಕ್ಕೆ ಹಾರ ಹಾಕುವ ವಿದ್ಯೆಯಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ಇದರಲ್ಲಿ ಕನ್ನಡದವರ ಪಾಲೇನು ಎಂದು ಕೇಳುವವರಿಗೆ ಹೇಳುತ್ತೇನೆ. 1950, 60ರ ದಶಕಗಳಲ್ಲಿ ಕನ್ನಡ ಸಿನಿಮಾದ ಮನೆ, ಕಾರ್ಖಾನೆ, ಬ್ಯಾಂಕು ಎಲ್ಲವೂ ಮದರಾಸೇ. ಎವಿಎಂ, ವಿಜಯಾ–ವಾಹಿನಿ, ವಿಕ್ರಂ, ಗೋಲ್ಡನ್, ಭರಣಿ, ಪ್ರಸಾದ್ ಇವೆಲ್ಲ ಗಾಂಧಿನಗರಕ್ಕಿಂತ ಮೊದಲಿನ ಗಾಂಧಿನಗರಗಳು. ರಾಜ್‌ಕುಮಾರ್ ಸಂಸಾರ ಹೂಡಿದ್ದು ಇಲ್ಲಿ. ಪುನೀತ್ 1975ರಲ್ಲಿ ಹುಟ್ಟಿದ್ದು ಇಲ್ಲಿ. ಜಿ.ಕೆ. ವೆಂಕಟೇಶ್, ಎಸ್. ಜಾನಕಿ, ಪಿ.ಬಿ. ಶ್ರೀನಿವಾಸ್ ನಮ್ಮ ಕಿವಿಗಳನ್ನು ಕಟ್ಟಿದ್ದು ಇಲ್ಲಿನ ಮೈಕುಗಳ ಮುಂದೆ. ಪಿಬಿಎಸ್ ಜೇಬು ತುಂಬ ಪೆನ್ನು ಸಿಕ್ಕಿಸಿಕೊಂಡು ವರ್ಷಗಟ್ಟಲೆ ಕೂತು ಬರೆಯುತ್ತಿದ್ದದ್ದು ಕೆಥೀಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್‌–ಇನ್‌ನಲ್ಲಿ, ಉಡುಪಿ ಸೀಮೆಯ ಕೃಷ್ಣರಾಯರು ಕಟ್ಟಿದ ಹೋಟೆಲಿನಲ್ಲಿ. 2008ರಲ್ಲಿ ಅದನ್ನೂ ಮುಚ್ಚಿಸಿ ಉದ್ಯಾನ ಮಾಡಿದರು. ಮರಗಳಾದರೂ ಇವೆ, ಇರಲಿ.

ನುಂಗಂಬಾಕ್ಕದ ಕಾಮದಾರ್ ನಗರದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಮನೆ. ಮೊದಲ ತೆಲುಗು ಹಾಡಿನ ಬೆನ್ನಿಗೇ 'ನಕ್ಕರೆ ಅದೇ ಸ್ವರ್ಗ'ಕ್ಕೆ ಎಂ. ರಂಗರಾಯರ ಸಂಗೀತದಲ್ಲಿ ಕನ್ನಡ ಹಾಡಿದವರು ಅವರು. 'ಗಾನಯೋಗಿ ಪಂಚಾಕ್ಷರ ಗವಾಯಿ'ಗೆ ರಾಷ್ಟ್ರಪ್ರಶಸ್ತಿ ತಂದವರು. 2020ರ ಸೆಪ್ಟೆಂಬರ್ 25ರಂದು ತೀರಿಕೊಂಡರು. ನಾಲ್ಕು ವರ್ಷದ ನಂತರ ತಮಿಳುನಾಡು ಸರ್ಕಾರ ಅವರ ಬೀದಿಗೆ ಅವರದೇ ಹೆಸರಿಟ್ಟಿತು. ಒಳ್ಳೆಯದು, ತಮಿಳುನಾಡಿಗೆ ನಮಸ್ಕಾರ. ಹೆಸರು ಬೀದಿಗೆ ಸಿಕ್ಕಿತು. ಧ್ವನಿ ಯಾವ ಟೇಪಿನಲ್ಲಿದೆ, ಆ ಟೇಪು ಯಾರ ಬೀರುವಿನಲ್ಲಿದೆ, ಆ ಬೀರುವಿಗೆ ಗೆದ್ದಲು ಹತ್ತಿದೆಯೇ ಎಂದು ಕನ್ನಡದ ಕಡೆಯಿಂದ ಯಾರು ಬಂದು ವಿಚಾರಿಸಿದರು?

ಡಬ್ಬಗಳು ಹೇಗೆ ಸಾಯುತ್ತವೆ ಎಂಬುದು ಗೊತ್ತಿರಬೇಕು. ಗೊತ್ತಿಲ್ಲದ್ದರಿಂದಲೇ ಸಾಯಿಸುವವರಿಗೆ ಭಯವಿಲ್ಲ. ಎರಡೂವರೆ ಗಂಟೆಯ ಸಿನಿಮಾ ಎಂದರೆ ಸುಮಾರು 13,500 ಅಡಿ ಫಿಲ್ಮು, ಎರಡು ಲಕ್ಷಕ್ಕೂ ಮಿಕ್ಕಿ ಫ್ರೇಮುಗಳು. ಕ್ಯಾಮೆರಾದೊಳಗೆ ಓಡಿದ ಮೂಲ ನೆಗೆಟಿವ್ ಒಂದೇ ಒಂದು. ಅದು ನಿರ್ಮಾಪಕರ ಮನೆಗೆ ಹೋಗುತ್ತಿರಲಿಲ್ಲ, ಲ್ಯಾಬಿನಲ್ಲೇ ಇರುತ್ತಿತ್ತು. ಅದರಿಂದ ಪ್ರಿಂಟು ತೆಗೆದು ಟಾಕೀಸುಗಳಿಗೆ ಕಳಿಸುವುದು ಪದ್ಧತಿ. ಸಾಲ ಮಾಡಿ ಸಿನಿಮಾ ತೆಗೆದವನು ಲ್ಯಾಬಿನ ಬಿಲ್ಲು ಕಟ್ಟದೆ ಕೈಚೆಲ್ಲಿದರೆ ನೆಗೆಟಿವ್ ಒತ್ತೆಯಾಳಾಗಿ ಉಳಿಯಿತು. ಅವನು ಸತ್ತ. ಮಕ್ಕಳಿಗೆ ಅಪ್ಪ ಸಿನಿಮಾ ತೆಗೆದು ಮುಳುಗಿದ್ದು ಗೊತ್ತು, ನೆಗೆಟಿವ್ ಎಂಬುದೊಂದಿದೆ ಎಂದು ಗೊತ್ತಿಲ್ಲ. ಲ್ಯಾಬಿಗೆ ಅದು ಜಾಗ ತಿನ್ನುವ ಸಾಮಾನು. 2013, 14ರ ಹೊತ್ತಿಗೆ ಎಲ್ಲವೂ ಡಿಜಿಟಲ್ ಆಗಿ ಲ್ಯಾಬುಗಳೇ ಬಾಗಿಲು ಹಾಕಿದವು. ಡಬ್ಬಗಳಿಗೆ ವಾರಸುದಾರರಿಲ್ಲ.

ಅದಕ್ಕೆ ಮೊದಲೇ ಕಾಸಿನ ಆಸೆ ತನ್ನ ಕೆಲಸ ಮಾಡಿತ್ತು. ಕಪ್ಪುಬಿಳುಪು ಫಿಲ್ಮಿನ ಮೇಲಿನ ಚಿತ್ರ ಎಂದರೆ ಬೆಳ್ಳಿಯ ಕಣಗಳು. ತೊಳೆದರೆ ಬೆಳ್ಳಿ ಬರುತ್ತದೆ. ದೇಶದುದ್ದಕ್ಕೂ ಎಷ್ಟೋ ಸಿನಿಮಾಗಳು ಹೀಗೆ ಬೆಳ್ಳಿಗಾಗಿ ಕರಗಿದವು. ಪುಣೆಯ ಫಿಲ್ಮ್ ಭಂಡಾರ ಕಟ್ಟಿದ ಪಿ.ಕೆ. ನಾಯರ್ ಬದುಕಿರುವವರೆಗೂ ಇದನ್ನು ಹೇಳುತ್ತಲೇ ಇದ್ದರು. ಮೂಕಿ ಕಾಲದಲ್ಲಿ ಭಾರತದಲ್ಲಿ ತಯಾರಾದ ಸಾವಿರಕ್ಕೂ ಹೆಚ್ಚು ಸಿನಿಮಾಗಳಲ್ಲಿ ಉಳಿದವು ಬೆರಳೆಣಿಕೆ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ನಮ್ಮ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ'ದ ಒಂದು ಪ್ರಿಂಟೂ ಇಲ್ಲ. ಕನ್ನಡ ಪರದೆಯ ಮೇಲೆ ಮೊದಲು ಮಾತಾಡಿದ ಧ್ವನಿ ಹೇಗಿತ್ತು ಎಂದು ಹೇಳಬಲ್ಲ ವಸ್ತು ಭೂಮಿಯ ಮೇಲಿಲ್ಲ. ಪ್ರತಿವರ್ಷ ಮಾರ್ಚ್ 3ಕ್ಕೆ ವಾರ್ಷಿಕೋತ್ಸವದ ಶುಭಾಶಯ ಮಾತ್ರ ತಪ್ಪದೆ ಹರಿದಾಡುತ್ತದೆ.

ಬೆಳ್ಳಿಯಾಸೆಯಿಂದ ತಪ್ಪಿಸಿಕೊಂಡದ್ದನ್ನು ಚೆನ್ನೈ ಹವೆ ಹಿಡಿಯಿತು. ಅಸಿಟೇಟ್ ಫಿಲ್ಮನ್ನು ಸೆಖೆಯಲ್ಲೂ ಕಡಲ ತೇವದಲ್ಲೂ ಇಟ್ಟರೆ ಅದು ತನ್ನನ್ನು ತಾನೇ ತಿನ್ನುತ್ತದೆ. ಅಸಿಟಿಕ್ ಆಮ್ಲ ಬಿಡುತ್ತದೆ, ಡಬ್ಬ ತೆರೆದರೆ ವಿನೆಗರಿನ ಹುಳಿ ಘಾಟು ಮೂಗಿಗೆ ಹೊಡೆಯುತ್ತದೆ. ಫಿಲ್ಮು ಕುಗ್ಗಿ, ಸುರುಟಿ, ಕೊನೆಗೆ ಬೆಲ್ಲದ ಅಚ್ಚಿನಂತೆ ಒಂದೇ ಗಟ್ಟಿಯಾಗುತ್ತದೆ. ಒಂದು ಡಬ್ಬ ಹುಳಿಯಾದರೆ ಪಕ್ಕದ್ದಕ್ಕೂ ತಗಲುತ್ತದೆ. ಧ್ವನಿಯ ಟೇಪಿನ ಪಾಡು ಬೇರೆ: ಅಂಟು ನೀರು ಹೀರಿ ಮೆತ್ತಗಾಗಿ, ಓಡಿಸಿದರೆ ಕಂದು ಪುಡಿ ಉದುರುತ್ತದೆ. ಉದುರುವ ಪುಡಿಯೇ ಹಾಡು. ಇದನ್ನು ತಡೆಯುವ ದಾರಿ ಇಲ್ಲದಿಲ್ಲ. ತಂಪಾದ, ಒಣ ಕೋಣೆ ಮತ್ತು ಬಾಗಿಲ ಮೇಲೆ ಡಬ್ಬಗಳ ಪಟ್ಟಿ, ಅಷ್ಟೇ. ಚಿನ್ನದಂಗಡಿಗೆ, ಐಸ್‌ಕ್ರೀಂ ಗೋದಾಮಿಗೆ ಎಸಿ ಹಾಕಲು ಗೊತ್ತಿರುವ ಊರಿಗೆ ಇದು ಬ್ರಹ್ಮವಿದ್ಯೆಯಲ್ಲ.

ಇನ್ನೊಂದು ವಿಪರೀತ ಕೇಳಿ. ಜಗತ್ತಿನ ಹಳೆಯ ಸಿನಿಮಾಗಳನ್ನು ಫ್ರೇಮು ಫ್ರೇಮಾಗಿ ಒರೆಸಿ ಕೊಡುವ ಬಹುದೊಡ್ಡ ಕೆಲಸಮನೆಗಳಲ್ಲಿ ಒಂದು ಇದೇ ಚೆನ್ನೈನ ಪ್ರಸಾದ್. ಪರದೇಶದ ಸ್ಟುಡಿಯೋಗಳ ಫಿಲ್ಮಿನ ಗೀರು, ಕಲೆ, ಧೂಳನ್ನು ಇಲ್ಲಿನ ಹುಡುಗ ಹುಡುಗಿಯರು ಕಂಪ್ಯೂಟರ್ ಮುಂದೆ ಕಣ್ಣು ಕೀಲಿಸಿ ತೆಗೆಯುತ್ತಾರೆ. ಕೈಗಳು ಇಲ್ಲೇ ಇವೆ, ಯಂತ್ರಗಳು ಇಲ್ಲೇ ಇವೆ, ನಮ್ಮ ಹಳೆಯ ಸಿನಿಮಾಗಳು ತಯಾರಾದದ್ದೂ ಇಲ್ಲೇ. ಹಣ ಕಟ್ಟಿ ಡಬ್ಬ ತಂದಿಡುವ ಕನ್ನಡದ ಕೈ ಮಾತ್ರ ಕಾಣುವುದಿಲ್ಲ.

ಟೇಪಿನ ವಿಷಯಕ್ಕೆ ಬಂದರೆ ನನ್ನ ಕಣ್ಣಾರೆ ಕಂಡದ್ದೊಂದಿದೆ. ಈ ಊರಿನ ಒಂದು ಕನ್ನಡ ಸಂಸ್ಥೆ ಕಟ್ಟಡಕ್ಕೆ ಸುಣ್ಣಬಣ್ಣ ಮಾಡಿಸುವಾಗ ಬೀರು ಖಾಲಿ ಮಾಡಿತು. ರಾಜ್ಯೋತ್ಸವದ ವಾದ್ಯಗೋಷ್ಠಿಗಳು, ಗಾಯಕರು ವೇದಿಕೆಯ ಮೇಲೆ ನಿಂತು ಹಾಡಿದ ರಾತ್ರಿಗಳು, ಎಲ್ಲ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿದ್ದವು. ಗೋಣಿಚೀಲದಲ್ಲಿ ತುಂಬಿ ಪಳಯ ಪೇಪರ್ ಎನ್ನುವ ಗುಜರಿ ಅಂಗಡಿಗೆ ಹಾಕಿದರು. ನಾನು ಓಡಿಹೋಗುವಷ್ಟರಲ್ಲಿ ಪ್ಲಾಸ್ಟಿಕ್ ಬೇರೆ, ರೀಲು ಬೇರೆ ಆಗಿತ್ತು. "ಪ್ಲಾಸ್ಟಿಕ್ ಮಾತ್ರ ಹೋಗುತ್ತೆ ಸಾರ್, ಒಳಗಿನ ರಿಬ್ಬನ್ ಯಾರೂ ತಗೊಳ್ಳಲ್ಲ" ಅಂದ ಅಂಗಡಿಯವನು. ಅವನದು ತಪ್ಪಿಲ್ಲ. ಪದಾಧಿಕಾರಿಯೊಬ್ಬರನ್ನು ಕೇಳಿದೆ. "ಅಯ್ಯೋ ಬಿಡಿ ಸಾರ್, ಯೂಟ್ಯೂಬಲ್ಲಿ ಎಲ್ಲಾ ಇರತ್ತಲ್ಲ" ಅಂದರು. ಆ ರಾತ್ರಿಗಳು ಯೂಟ್ಯೂಬಲ್ಲಿ ಇಲ್ಲ, ಸ್ವಾಮಿ. ಯಾರು ಹಾಕಿದ್ದರು ಇರುವುದಕ್ಕೆ?

ಇದೇ ಅಸಡ್ಡೆ ಲಂಡನ್ನಿನಲ್ಲೂ ಇತ್ತು ಎಂದು ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಇತ್ತು. ಬೀಟಲ್ಸ್ 1966ರ ಜೂನ್‌ನಲ್ಲಿ ಬಿಬಿಸಿಯ 'ಟಾಪ್ ಆಫ್ ದಿ ಪಾಪ್ಸ್'ಗೆ ಖುದ್ದು ಬಂದು ಕೊಟ್ಟ ಕಾರ್ಯಕ್ರಮದ ಟೇಪನ್ನು ಬಿಬಿಸಿ ಉಳಿಸಿಕೊಳ್ಳಲಿಲ್ಲ. ಟೇಪು ದುಬಾರಿ, ಅಳಿಸಿ ಮತ್ತೆ ಬಳಸುವುದು ಅಲ್ಲಿನ ರೂಢಿಯಾಗಿತ್ತು. ಮನೆಯ ಟೀವಿಯ ಮುಂದೆ ಕೂತು ಯಾರೋ ಅಭಿಮಾನಿ 8 ಎಂಎಂ ಕ್ಯಾಮೆರಾದಲ್ಲಿ ಹಿಡಿದಿಟ್ಟ ಕೆಲವೇ ಸೆಕೆಂಡುಗಳು, ಅದೂ ಧ್ವನಿಯಿಲ್ಲದೆ, 2019ರಲ್ಲಿ ಸಿಕ್ಕಾಗ ಇಡೀ ಇಂಗ್ಲೆಂಡು ಕುಣಿಯಿತು. ಅವರಿಗೆ ಕೊನೆಗಾದರೂ ನಾಚಿಕೆಯಾಯಿತು. ಕಳೆದುಹೋದದ್ದರ ಪಟ್ಟಿ ಮಾಡಿ, ಯಾರ ಬಳಿ ಇದೆ ಕೊಡಿ ಎಂದು ಊರೂರಿಗೆ ಸಾರಿದರು. ನಮ್ಮಲ್ಲಿ ಕಳೆದುಹೋದದ್ದರ ಪಟ್ಟಿಯನ್ನೂ ಯಾರೂ ಮಾಡಿಲ್ಲ.

ಪಟ್ಟಿ ಇಲ್ಲದಿದ್ದರೇನು, ದಾವೆಗಳಿವೆ! ಎಸ್‌ಪಿಬಿ 2017ರಲ್ಲಿ ಅಮೆರಿಕದಲ್ಲಿ ಹಾಡುತ್ತಿದ್ದಾಗ, ತನ್ನ ಸಂಗೀತದ ಹಾಡುಗಳನ್ನು ಅನುಮತಿಯಿಲ್ಲದೆ ವೇದಿಕೆಯಲ್ಲಿ ಹಾಡಬೇಡಿ ಎಂದು ಇಳಯರಾಜ ಕಡೆಯಿಂದ ನೋಟಿಸು ಹೋಯಿತು. ನಾಲ್ಕು ದಶಕ ಕೂತು ಸಂಗೀತ ಕಟ್ಟಿದ ಪ್ರಸಾದ್ ಸ್ಟುಡಿಯೋದ ಕೋಣೆಯಿಂದ ಅದೇ ಇಳಯರಾಜ 2020ರಲ್ಲಿ ಹೊರಬೀಳಬೇಕಾಯಿತು; ತಮ್ಮ ವಾದ್ಯ, ಬರಹಗಳನ್ನು ತೆಗೆದುಕೊಳ್ಳಲು ಮದರಾಸು ಹೈಕೋರ್ಟಿನ ಮೆಟ್ಟಿಲೇರಬೇಕಾಯಿತು. ಯಾರ ಪರ ನ್ಯಾಯ ಎಂಬುದು ಕೋರ್ಟಿನ ತಲೆನೋವು. ನನ್ನ ಸಿಟ್ಟು ಬೇರೆ ಕಡೆಗಿದೆ. ಹಾಡಿನ ಹಕ್ಕು ಯಾರದು ಎಂದು ಹೋರಾಡಲು ವಕೀಲರ ದಂಡೇ ಸಿಗುತ್ತದೆ. ಹಾಡು ಕೂತಿರುವ ಟೇಪು ಎಲ್ಲಿದೆ ಎಂದು ಕೇಳಲು ಒಬ್ಬ ಗುಮಾಸ್ತನೂ ಇಲ್ಲ. ರಾಯಲ್ಟಿ ಕೊಡುವ ಆಕಳಿಗೆ ಹುಲ್ಲು ಹಾಕುವವರಿಲ್ಲ.

ಈ ಬಯಲಿಗೆ ಈಗ ಹೊಸ ಕಳ್ಳರು ನುಗ್ಗಿದ್ದಾರೆ. '4ಕೆ ರಿಮಾಸ್ಟರ್ಡ್' ಎಂದು ಹಣೆಪಟ್ಟಿ ಹಚ್ಚಿದ ಹಳೆಯ ಕನ್ನಡ ಹಾಡುಗಳನ್ನು ನೋಡಿದ್ದೀರಲ್ಲ? ಶಂಕರ್‌ನಾಗ್ 1981ರಲ್ಲಿ ನಿರ್ದೇಶಿಸಿ ನಟಿಸಿದ 'ಗೀತಾ' ನೆನಪಿಸಿಕೊಳ್ಳಿ. ಇಳಯರಾಜ ಸಂಗೀತ, ಎಸ್‌ಪಿಬಿ ಕಂಠ, ವೇದಿಕೆಯ ಮೇಲೆ ಮೈಕು ಹಿಡಿದು ಕುಣಿಯುವ ಶಂಕರ್. ಒಂದು ತಲೆಮಾರಿನ ಕನ್ನಡ ಹುಡುಗರಿಗೆ ಸಿಕ್ಕ ರಾಕ್ ಕಾನ್ಸರ್ಟ್ ಎಂದರೆ ಅದೇ. ಪಿಂಕ್ ಫ್ಲಾಯ್ಡ್ ಯಾರೆಂದು ಕೇಳದ ಊರುಗಳಲ್ಲೂ ಆ ಕುಣಿತ ಗೊತ್ತಿತ್ತು. ಅಂಥ ಹಾಡುಗಳನ್ನು ಇವರು ಮಾಡುವುದೇನು? ಯಾವುದೋ ವಿಸಿಡಿಯ ಸವೆದ ಪ್ರತಿಯನ್ನು ಕಂಪ್ಯೂಟರಿಗೆ ಉಣಿಸುತ್ತಾರೆ. ಅದು ಇಲ್ಲದ ಕಣ್ರೆಪ್ಪೆ, ಇಲ್ಲದ ಹಲ್ಲು, ಇಲ್ಲದ ಚರ್ಮವನ್ನು ಊಹಿಸಿ ಬರೆಯುತ್ತದೆ. ಗಡ್ಡ ಪ್ಲಾಸ್ಟಿಕ್ ಆಗುತ್ತದೆ, ಹಿಂದೆ ಕೂತ ವಾದ್ಯಗಾರರ ಮುಖಗಳು ಮೇಣದಂತೆ ಕರಗಿ ಒಂದರೊಳಗೊಂದು ಸೇರುತ್ತವೆ, ತಾಳದ ಚುರುಕು ಹೋಗಿ ಧ್ವನಿ ಡಬ್ಬಿಯೊಳಗಿಂದ ಬಂದಂತಾಗುತ್ತದೆ. ಕೆಳಗೆ ಅಭಿಮಾನಿಗಳ ಜೈಕಾರ: ನಿನ್ನೆ ತೆಗೆದ ಹಾಗಿದೆ, ಅದ್ಭುತ, ಬೆಂಕಿ! ನಿನ್ನೆ ತೆಗೆದ ಹಾಗೆ ಕಾಣಬೇಕಾದರೆ ನಿನ್ನೆ ತೆಗೆದದ್ದನ್ನೇ ನೋಡಬಹುದಲ್ಲ. 1981ರದು 1981ರ ಹಾಗೆಯೇ ಕಾಣಬೇಕು. ಆ ದಿನದ ಲೆನ್ಸು, ಆ ದಿನದ ಬೆಳಕು, ಆ ದಿನದ ಕಣ ಕಾಣಬೇಕು. ನೆಗೆಟಿವ್‌ನಿಂದ ಸ್ಕ್ಯಾನ್ ಮಾಡಿದರೆ ಮಾತ್ರ ಅದು ಸಾಧ್ಯ. ಇವರು ಮಾಡುತ್ತಿರುವುದು ಸತ್ತವರ ಮುಖಕ್ಕೆ ಬಣ್ಣ ಬಳಿದು ಬದುಕಿದ್ದಾರೆ ಎನ್ನುವ ಕೆಲಸ.

ಇದರ ಅಣ್ಣ ಮೊದಲೇ ಬಂದಿದ್ದ. ವಿಜಯಾದ ಕೆ.ವಿ. ರೆಡ್ಡಿ ನಿರ್ಮಿಸಿ ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದ 'ಸತ್ಯ ಹರಿಶ್ಚಂದ್ರ' (1965) ಕಪ್ಪುಬಿಳುಪು. 2008ರಲ್ಲಿ ಅದಕ್ಕೆ ಬಣ್ಣ ಹಚ್ಚಿ ಬಿಟ್ಟರು. 2014ರಲ್ಲಿ 'ಕಸ್ತೂರಿ ನಿವಾಸ'ಕ್ಕೂ ಹಚ್ಚಿದರು, ಟಾಕೀಸು ತುಂಬಿತು, ಸೀಟಿ ಬಿತ್ತು. ರಾಜಣ್ಣನನ್ನು ದೊಡ್ಡ ಪರದೆಯಲ್ಲಿ ಮತ್ತೆ ಕಂಡ ಜನರ ಕಣ್ಣೀರು ಸುಳ್ಳಲ್ಲ, ಅದನ್ನು ಲೇವಡಿ ಮಾಡುವಷ್ಟು ಕಲ್ಲುಮನಸ್ಸು ನನ್ನದಲ್ಲ. ಆದರೆ 'ಸತ್ಯ ಹರಿಶ್ಚಂದ್ರ'ದ ಸ್ಮಶಾನದ ದೃಶ್ಯದಲ್ಲಿ ನೆರಳನ್ನೇ ಬಣ್ಣವಾಗಿ ಬಳಸಿದ ಛಾಯಾಗ್ರಾಹಕನ ಮೇಲೆ ನೀಲಿ, ಹಳದಿ ಸುರಿಯಲು ಅಪ್ಪಣೆ ಕೊಟ್ಟವರು ಯಾರು? ಬಣ್ಣಕ್ಕೆ ಸುರಿದ ದುಡ್ಡಿನಲ್ಲಿ ಕಪ್ಪುಬಿಳುಪಿನ ಮೂಲವನ್ನೇ ಸ್ವಚ್ಛಗೊಳಿಸಿ ಎಷ್ಟು ಸಿನಿಮಾ ಉಳಿಸಬಹುದಿತ್ತು! ಅಂದಹಾಗೆ ವಡಪಳನಿಯಲ್ಲಿ ವಿಜಯಾ ಸ್ಟುಡಿಯೋದ ನೆಲದಲ್ಲಿ ಈಗಿರುವುದು ಮಾಲ್. ಅದರ ಮೇಲ್ಮಹಡಿಯಲ್ಲಿ ಐಮ್ಯಾಕ್ಸ್.

ಸರಿಯಾದ ದಾರಿ ಗೊತ್ತಿಲ್ಲವೆಂದು ಯಾರೂ ನೆಪ ಹೇಳುವಂತಿಲ್ಲ. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) 2024ರ ಸೆಪ್ಟೆಂಬರಿನಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಹೊಸ ಜೀವ ಪಡೆದು ತೆರೆಕಂಡಿತು. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಹುಟ್ಟುಹಾಕಿದ ಫಿಲ್ಮ್ ಫೌಂಡೇಶನ್ ಕೈಜೋಡಿಸಿದವು. ಕೆಲಸ ನಡೆದದ್ದು ಇಟಲಿಯ ಬೊಲೊನ್ಯದ ಲ್ಯಾಬಿನಲ್ಲಿ. ಇಷ್ಟೆಲ್ಲ ಸಾಧ್ಯವಾದದ್ದು ಒಂದೇ ಕಾರಣಕ್ಕೆ: ಮೂಲ ಕ್ಯಾಮೆರಾ ನೆಗೆಟಿವ್ ಪುಣೆಯ ರಾಷ್ಟ್ರೀಯ ಭಂಡಾರದಲ್ಲಿ ಉಳಿದಿತ್ತು. ಬಣ್ಣ ಬಳಿಯಲಿಲ್ಲ, ಮೇಣ ಮೆತ್ತಲಿಲ್ಲ. ಮಲೆನಾಡಿನ ಮನೆಯ ಕತ್ತಲು ಕತ್ತಲಾಗಿಯೇ ಉಳಿಯಿತು. ಹಾಗೆಂದು ಪುಣೆಯೂ ಪುಣ್ಯಕ್ಷೇತ್ರವಲ್ಲ. 2003ರ ಜನವರಿಯಲ್ಲಿ ಅಲ್ಲಿನ ನೈಟ್ರೇಟ್ ಫಿಲ್ಮುಗಳಿಗೆ ಬೆಂಕಿ ಬಿದ್ದು ಎಷ್ಟೋ ಹಳೆಯ ಸಿನಿಮಾ ಬೂದಿಯಾದವು. ಒಂದೇ ಕಡೆ ಇಡಬಾರದು ಎಂಬ ಪಾಠ ಅಲ್ಲೇ ಇದೆ.

ಈಗ ಬೆಂಗಳೂರಿನವರನ್ನು ಕೇಳುತ್ತೇನೆ. 2025ರ ಬಜೆಟ್ಟಿನಲ್ಲಿ ಕರ್ನಾಟಕ ಸರ್ಕಾರ ಮೈಸೂರಿನಲ್ಲಿ 500 ಕೋಟಿ ರೂಪಾಯಿಯ ಚಿತ್ರನಗರಿ, ಅದೂ 150 ಎಕರೆಯಲ್ಲಿ, ಎಂದು ಸಾರಿತು. ಕನ್ನಡ ಸಿನಿಮಾಗಳನ್ನು ಸಂಗ್ರಹಿಸಿಡುವ ಭಂಡಾರಕ್ಕೆ ಕೊಟ್ಟದ್ದು 3 ಕೋಟಿ. ಹುಟ್ಟದ ಮಗುವಿಗೆ ಅರಮನೆ, ಹೆತ್ತ ತಾಯಿಗೆ ಒಂದು ಚಾಪೆ. ಆ 3 ಕೋಟಿಯಲ್ಲಿ ಒಂದು ರೂಪಾಯಿಯಾದರೂ ಚೆನ್ನೈನಲ್ಲಿ ಡಬ್ಬ ಹುಡುಕಲು ಖರ್ಚಾಗುತ್ತದೆಯೇ? ಚಲನಚಿತ್ರ ಅಕಾಡೆಮಿಯಿಂದ ಇಬ್ಬರು, ಬೇಡ, ಒಬ್ಬರು, ಕೋಡಂಬಾಕ್ಕಂ, ಸಾಲಿಗ್ರಾಮಂ, ವಡಪಳನಿಯ ಗೋದಾಮುಗಳಲ್ಲಿ ಕೂತು ಕನ್ನಡದ ಹೆಸರಿರುವ ಡಬ್ಬಗಳ ಪಟ್ಟಿ ಬರೆದುಕೊಳ್ಳಲು ಕ್ರಾಂತಿ ಬೇಕಿಲ್ಲ, ಒಂದು ನೋಟುಬುಕ್ಕು ಸಾಕು. ಪ್ರತಿವರ್ಷ ಸಿನಿಮಾಗಳಿಗೆ ಸಬ್ಸಿಡಿ ಹಂಚುತ್ತೀರಿ. ಹಾಗೆ ಹಣ ಪಡೆದ ಪ್ರತಿ ಸಿನಿಮಾದ ಪೂರ್ಣ ಗುಣಮಟ್ಟದ ಒಂದು ಪ್ರತಿ ಭಂಡಾರಕ್ಕೆ ಬಾರದೆ ಚೆಕ್ಕು ಬರೆಯಕೂಡದು. ಇಂದಿನ ಡಿಜಿಟಲ್ ಸಿನಿಮಾಗಳು ಹಾರ್ಡ್‌ಡಿಸ್ಕಿನಲ್ಲಿ ಸಾಯುವುದು ಫಿಲ್ಮಿಗಿಂತ ಬೇಗ. ಅವಕ್ಕೆ ಹುಳಿ ವಾಸನೆಯ ಎಚ್ಚರಿಕೆಯೂ ಇರುವುದಿಲ್ಲ.

ಅಭಿಮಾನಿ ದೇವರುಗಳೇ, ನಿಮಗೂ ಒಂದು ಮಾತು. 2025ರ ಆಗಸ್ಟ್‌ನಲ್ಲಿ ಅಭಿಮಾನ್ ಸ್ಟುಡಿಯೋದಲ್ಲಿ ವಿಷ್ಣುವರ್ಧನ್ ಸಮಾಧಿಯನ್ನು ರಾತ್ರೋರಾತ್ರಿ ಕೆಡವಿದಾಗ ನೀವು ಬೀದಿಗಿಳಿದಿರಿ. ಇಳಿಯಲೇಬೇಕಿತ್ತು; ಕತ್ತಲಲ್ಲಿ ಕೆಡವಿದವರಿಗೆ ಅದು ತಕ್ಕ ಉತ್ತರ. ಆದರೆ ಕಲ್ಲನ್ನು ಮತ್ತೆ ಕಟ್ಟಬಹುದು. ವಿಷ್ಣುವರ್ಧನ್ ಅಭಿನಯ ಇರುವುದು ಕಲ್ಲಿನಲ್ಲಲ್ಲ, ಆ ಡಬ್ಬಗಳಲ್ಲಿ. ಅವು ಒಂದೊಂದಾಗಿ ಹುಳಿಯಾಗುವಾಗ ಯಾವ ಅಭಿಮಾನಿ ಸಂಘ ಪ್ರತಿಭಟಿಸಿದೆ? 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವಥ್ 'ಕನ್ನಡವೇ ಸತ್ಯ' ಎಂದು ಲಕ್ಷದಷ್ಟು ಜನರ ಮುಂದೆ ಹಾಡಿದರು. ಕವಿತೆ ಕೇಳಲು ಅಷ್ಟು ಜನ ಸೇರಿದ ರಾತ್ರಿ ಜಗತ್ತಿನಲ್ಲೇ ಅಪರೂಪ. ನಾನು ನೋಡಿದ ಅದರ ಪ್ರತಿಗಳೆಲ್ಲ ಮಸುಕು. ಅಂದು ಓಡಿದ ಕ್ಯಾಮೆರಾಗಳ ಮೂಲ ಟೇಪುಗಳು ಯಾರ ಬಳಿ ಇವೆ? ಅವಕ್ಕಿನ್ನೂ ಮುಪ್ಪು ಬಂದಿಲ್ಲ, ಈಗ ಹುಡುಕಿದರೆ ಉಳಿಯುತ್ತವೆ.

ಮುಂದಿನ ಸಲ ಯಾರಾದರೂ ನಿಮ್ಮ ಮೆಚ್ಚಿನ ನಟನ ಹಾಡಿಗೆ '4ಕೆ' ಹಣೆಪಟ್ಟಿ ಹಚ್ಚಿ ತಂದರೆ ಚಪ್ಪಾಳೆ ತಟ್ಟುವ ಮೊದಲು ಎರಡು ಪ್ರಶ್ನೆ ಹಾಕಿ: ಯಾವ ನೆಗೆಟಿವ್‌ನಿಂದ ಮಾಡಿದೆ? ಆ ನೆಗೆಟಿವ್ ಈಗ ಎಲ್ಲಿದೆ? ಉತ್ತರ ಸಿಗುವವರೆಗೆ ಬಿಡಬೇಡಿ. ನಿರ್ಮಾಪಕರ ಮಕ್ಕಳು, ಮೊಮ್ಮಕ್ಕಳು ಇದನ್ನು ಓದುತ್ತಿದ್ದರೆ ಇವತ್ತೇ ಅಟ್ಟ ಹತ್ತಿ ನೋಡಿ. ಡಬ್ಬ ಸಿಕ್ಕರೆ ತೆರೆಯಬೇಡಿ, ಗುಜರಿಗೆ ಹಾಕಬೇಡಿ, ಬಿಸಿಲಿಗಿಡಬೇಡಿ. ಮೇಲೆ ಸಿನಿಮಾದ ಹೆಸರು ಬರೆದು, ಪುಣೆಯ ಭಂಡಾರಕ್ಕೋ ಮುಂಬಯಿಯ ಫೌಂಡೇಶನ್ನಿಗೋ ಒಂದು ಪತ್ರ ಹಾಕಿ.